ತಣ್ಣನೆಯ ಗಾಡಿಯ ಮೊದಲ ಉಸಿರು

"ಬಂದವರೇ ಬಣ್ಣ ನೋಡಬೇಡಿ ಸ್ವಾಮಿ. ಬಣ್ಣ ಯಾರು ಬೇಕಾದರೂ ಬಳೀತಾರೆ. ಚಕ್ರ ಒದೆಯೋದು, ಬಾಗಿಲು ಧಡಾರ್ ಅಂತ ಹಾಕಿ ನೋಡೋದು, ಅದೆಲ್ಲ ಸಿನಿಮಾದಲ್ಲಿ. ಮೊದಲು ಇಲ್ಲಿ ಬನ್ನಿ, ಬಾನೆಟ್ ಮೇಲೆ ಅಂಗೈ ಇಡಿ. ಉಂಗುರ ಇದ್ದರೆ ತೆಗೆದು ಜೇಬಲ್ಲಿ ಹಾಕ್ಕೊಂಡು ಇಡಿ. ಹಾಂ. ತಣ್ಣಗಿದೆಯಾ? ಕಲ್ಲಿನ ಹಾಗೆ ತಣ್ಣಗಿದೆಯಾ? ಹಾಗಿದ್ದರೆ ಮಾತಾಡೋಣ. ಬೆಚ್ಚಗಿದ್ದರೆ, ಮಾರೋನು ನೀವು ಬರೋ ಮೊದಲೇ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದಾನೆ ಅಂತ ಅರ್ಥ. ಅಂಥವನ ಹತ್ರ ಒಂದು ಲೋಟ ನೀರೂ ಕುಡೀಬೇಡಿ, ಎದ್ದು ಬನ್ನಿ. ಯಾಕೆ ಹೇಳಿ? ಬೆಚ್ಚಗಿರೋ ಎಂಜಿನ್ನು ಮದುವೆ ಮನೇಲಿ ನಿಂತಿರೋ ನೆಂಟರ ಹಾಗೆ, ಎಲ್ಲರ ಹತ್ರಾನೂ ನಗ್ತಾ ಮಾತಾಡುತ್ತೆ. ನಿದ್ದೆಯಿಂದ ಆಗತಾನೇ ಎದ್ದದ್ದು ಹಾಗಲ್ಲ. ಅದು ಇನ್ನೂ ಮುಖ ತೊಳೆದಿರಲ್ಲ, ಸುಳ್ಳು ಹೇಳೋಷ್ಟು ಎಚ್ಚರ ಆಗಿರಲ್ಲ. ಕೀ ತಿರುಗಿಸಿದ ಮೇಲೆ ಒಂದು ಮೊದಲ ಉಸಿರು ಇದೆ ನೋಡಿ, ನೀವು ಬೆಲ್ಟು ಎಳೆದು ಹಾಕ್ಕೊಳ್ಳೋದರ ಒಳಗೆ ಮುಗಿದುಹೋಗುತ್ತೆ. ಅಷ್ಟರಲ್ಲಿ ಅದು ತನ್ನ ಜನ್ಮದ ಕತೇನೆಲ್ಲ ಹೇಳಿಬಿಡುತ್ತೆ. ಯಾರು ಮುದ್ದು ಮಾಡಿದರು, ಯಾರು ಎಣ್ಣೆ ಬದಲಾಯಿಸದೆ ಸಾಯಿಸಿದರು, ಯಾರು ಹೆಂಡತಿ ಮೇಲಿನ ಸಿಟ್ಟನ್ನೆಲ್ಲ ಇದರ ಮೇಲೆ ತೀರಿಸ್ಕೊಂಡರು, ಎಲ್ಲ. ಕಿವಿ ಇದ್ದವನಿಗೆ ಅಷ್ಟು ಸಾಕು. ಆಮೇಲಿನದೆಲ್ಲ ಬರೀ ಸದ್ದು."

ಇದು ನನ್ನ ಮೈದುನನ ಮಾತು. ಎಷ್ಟು ಜನರ ಮುಂದೆ ಹೇಳಿದ್ದಾನೋ ಲೆಕ್ಕವಿಟ್ಟವರಿಲ್ಲ. ನಮ್ಮ ಮನೆಯಿರುವುದು ಮಹಡಿಯ ಮೇಲೆ, ಅವನ ಅಂಗಳ ಕೆಳಗೆ. ಅಡುಗೆಮನೆಯ ಕಿಟಕಿ ತೆರೆದರೆ ಅಂಗಳದ ಮಾತೆಲ್ಲ ಹೊಗೆಯ ಹಾಗೆ ಮೇಲೇರಿ ಬರುತ್ತದೆ. ಅವನಣ್ಣ, ನನ್ನ ಯಜಮಾನರು, ತೀರಿಹೋದ ಮೇಲೆ ಮನೆಯೊಳಗೆ ಮಾತು ಕಡಿಮೆಯಾಗಿ, ನನ್ನ ಕಿವಿ ತಾನೇ ತಾನಾಗಿ ಕಿಟಕಿಯ ಕಡೆಗೆ ತಿರುಗಿತು ಅಂತ ಕಾಣುತ್ತದೆ. ಓದು ಬರಹ ನನಗೆ ಅಷ್ಟಕ್ಕಷ್ಟೆ. ಕೇಳಿದ್ದನ್ನು ಮರೆಯುವುದಿಲ್ಲ, ಅಷ್ಟೇ ನನ್ನ ಬಂಡವಾಳ.

ಕೆಳಗಿನದು ಹಳೆಯ ಸ್ಪೋರ್ಟ್ಸ್ ಕಾರುಗಳ ಪೇಟೆ. ಬೀದಿಯ ಎರಡು ಬದಿಗೂ ತಗಡಿನ ಮಾಡಿನ ಅಂಗಳಗಳು, ಪ್ರತಿ ಅಂಗಳದಲ್ಲೂ ನೆಲಕ್ಕೆ ಹೊಟ್ಟೆಯೂರಿ ಮಲಗಿದಂತಿರುವ, ಇಬ್ಬರು ಮಾತ್ರ ಕೂರಬಲ್ಲ, ಮೂರನೆಯವರ ಬಗ್ಗೆ ಯೋಚಿಸಿಯೇ ಇರದ ಗಾಡಿಗಳು. ಬೆಳಗಿನ ಜಾವದಲ್ಲಿ ಅವುಗಳ ಮೇಲೆಲ್ಲ ಬೂದು ಬಣ್ಣದ ಹೊದಿಕೆ ಇರುತ್ತದೆ. ಮಂಜು ಕವಿದ ದಿನ ಮೇಲಿನಿಂದ ನೋಡಿದರೆ ಯಾವುದೋ ದೊಡ್ಡ ಪ್ರಾಣಿಗಳ ಹಿಂಡು ದೂರ ದೇಶದಿಂದ ನಡೆದು ಬಂದು, ದಣಿದು, ಒಂದರ ಪಕ್ಕ ಒಂದು ಮೊಣಕಾಲೂರಿ ನಿದ್ದೆಹೋದಂತೆ ಕಾಣುತ್ತದೆ. ಆ ನಿದ್ದೆಯ ನಡುವೆ ನನ್ನ ಮೈದುನ ಒಬ್ಬನೇ ಓಡಾಡುತ್ತಿರುತ್ತಾನೆ. ಮಂಜಿನಲ್ಲಿ ಅವನ ಮುಖ ಕಾಣದಿದ್ದರೂ ನಡಿಗೆಯಿಂದಲೇ ಗುರುತು ಹಿಡಿಯಬಹುದು. ಅವನು ಎಡಭುಜ ಮುಂದೆ ಮಾಡಿ, ಹೊಟ್ಟೆ ಒಳಗೆಳೆದುಕೊಂಡು, ಓರೆಯಾಗಿ ನಡೆಯುತ್ತಾನೆ. ಒತ್ತೊತ್ತಾಗಿ ನಿಂತ ಗಾಡಿಗಳ ಸಂದಿಯಲ್ಲಿ ಯಾವುದಕ್ಕೂ ಮೈ ತಾಗಿಸದೆ ನಡೆದೂ ನಡೆದೂ ದೇಹ ಆ ಭಂಗಿಯಲ್ಲೇ ಒಗ್ಗಿಹೋಗಿದೆ. ಖಾಲಿ ಬೀದಿಯಲ್ಲೂ ಹಾಗೇ, ಆಸ್ಪತ್ರೆಯ ಅಗಲವಾದ ಓಣಿಯಲ್ಲೂ ಹಾಗೇ. ಅವನಣ್ಣನನ್ನು ನೋಡಲು ಅಲ್ಲಿಗೆ ಬಂದಾಗ ಎದುರಿಗೆ ಯಾರೂ ಇಲ್ಲದಿದ್ದರೂ ಇಬ್ಬರ ನಡುವೆ ನುಸುಳಿಕೊಂಡು ಬರುವವನಂತೆ ಬಂದಿದ್ದ. ಅಷ್ಟು ನೋವಿನಲ್ಲೂ ನನ್ನ ಯಜಮಾನರು ನಕ್ಕಿದ್ದರು: "ನೋಡೇ, ಗಾಳಿಗೂ ಗೀರು ಬೀಳಬಾರದು ಅಂತ ಬರ್ತಿದಾನೆ."

ಕೋಟಿನದೂ ಅದೇ ಕತೆ. ಕಂದು ಬಣ್ಣದ ಉದ್ದನೆಯ ಕೋಟು, ಒಂದು ಗುಂಡಿಯೂ ಇಲ್ಲ. ಹೊಸದು ಹೊಲಿಸಿದ ದಿನವೇ ಅಂಗಳದ ಮೆಟ್ಟಿಲ ಮೇಲೆ ಕೂತು, ಬ್ಲೇಡಿನಿಂದ ಗುಂಡಿಗಳನ್ನೆಲ್ಲ ಕಿತ್ತು ನನ್ನ ಹೊಲಿಗೆಯ ಡಬ್ಬಿಗೆ ಹಾಕಿದ. ಸೊಂಟಕ್ಕೆ ಬೆಲ್ಟಿಲ್ಲ, ಲಾಡಿ. ಕೈಗೆ ಗಡಿಯಾರವಿಲ್ಲ. ಬಾಗಿ ನೋಡುವಾಗ ಬಣ್ಣಕ್ಕೆ ಗೀರು ಬೀಳುವಂಥದ್ದು ಯಾವುದೂ ಮೈಮೇಲಿಲ್ಲ. ಮದುವೆಯ ಮಾತು ಬಂದಾಗೊಮ್ಮೆ ಹೆಣ್ಣಿನ ಕಡೆಯವರು ಉಂಗುರದ ಅಳತೆ ಕೇಳಿದರಂತೆ. ಇವನು ಗಾಬರಿಯಿಂದ, ಉಂಗುರ ಹಾಕಲೇಬೇಕಾ ಎಂದನಂತೆ. ಮಾತು ಅಲ್ಲಿಗೇ ನಿಂತಿತು. ಅದಕ್ಕಾಗಿ ಅವನು ಕೊರಗಿದ್ದನ್ನು ನಾನು ಕಂಡಿಲ್ಲ.

ಪೇಟೆಯವರು ಅವನನ್ನು ಕಿವಿಯಣ್ಣ ಅನ್ನುತ್ತಿದ್ದರು. ಗಾಡಿ ಬಂದರೆ ಅದನ್ನು ಒಂದು ರಾತ್ರಿ ಅಂಗಳದಲ್ಲಿ ಸುಮ್ಮನೆ ಬಿಡುವನು. ಬೆಳಗ್ಗೆ ಹೊದಿಕೆ ತೆಗೆದು, ಬಾನೆಟ್ ಮೇಲೆ ಅಂಗೈ ಇಟ್ಟು, ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟಿದ ತಾಯಿಯಂತೆ ತಲೆಯಾಡಿಸಿ, ಕೀ ತಿರುಗಿಸಿ ಕಣ್ಣು ಮುಚ್ಚುವನು. ಬಲಗಿವಿ ಸ್ವಲ್ಪ ಮುಂದೆ, ಬಾಯಿ ಅರ್ಧ ತೆರೆದಿರುತ್ತಿತ್ತು. ಆಮೇಲೆ ಎಂಜಿನ್ ಆರಿಸಿ, ಕೋಟು ಕೊಡವಿಕೊಂಡು, "ಇರಲಿ ಇರಲಿ, ಕೇಳಿದೀನಿ" ಅನ್ನುವನು. ಅಷ್ಟೇ. ಅವನ ವ್ಯಾಪಾರದಲ್ಲಿ ಗ್ಯಾರಂಟಿ ಅಂದರೆ ಆ ಒಂದು ಮಾತು. ದೂರದೂರದ ಊರುಗಳಿಂದ ಗಾಡಿ ಕೊಳ್ಳಲು ಬರುವವರು, "ಕಿವಿಯಣ್ಣ ಕೇಳಿದಾರಾ?" ಅಂತ ಕೇಳಿ, ಹೌದೆಂದರೆ ಕಣ್ಣುಮುಚ್ಚಿ ಕೈ ಹಾಕುತ್ತಿದ್ದರು. ಆ ಮಾತು ಹೋದರೆ ಅವನ ಹತ್ತಿರ ಉಳಿಯುವುದು ಗುಂಡಿಯಿಲ್ಲದ ಒಂದು ಕೋಟು ಮಾತ್ರ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇನ್ನೊಂದು ವಿಚಿತ್ರ ಹೇಳಬೇಕು. ಇಷ್ಟು ವೇಗದ ಗಾಡಿಗಳ ನಡುವೆ ಬಾಳಿದವನು ಜನ್ಮದಲ್ಲೇ ವೇಗವಾಗಿ ಓಡಿಸಿದವನಲ್ಲ. ಗಾಳಿಯನ್ನೇ ಹಿಂದೆ ಹಾಕುವಂಥ ಗಾಡಿಯನ್ನು ಹಾಲಿನ ಪಾತ್ರೆ ಹೊತ್ತವನಂತೆ ನಡೆಸುವನು. ಹಿಂದಿನಿಂದ ಸೈಕಲ್ಲಿನವರು ಗಂಟೆ ಬಾರಿಸಿ ಮುಂದೆ ಹೋಗುವರು. "ವೇಗ ಕೊಂಡುಕೊಂಡೋರದು ಅತ್ತಿಗೆ. ನನ್ನ ಪಾಲಿಗೆ ಬರೋದು ಬೆಳಗಿನ ಆ ಒಂದು ಉಸಿರು" ಅನ್ನುತ್ತಿದ್ದ. ಕನಸು ಬಿದ್ದರೂ ಅವನಿಗೆ ಚಿತ್ರ ಕಾಣುತ್ತಿರಲಿಲ್ಲವಂತೆ. ಕತ್ತಲು, ಆ ಕತ್ತಲಲ್ಲಿ ಎಲ್ಲೋ ದೂರದ ತಿರುವಿನಲ್ಲಿ ಒಂದು ಗಾಡಿ ಗೇರು ಬದಲಿಸುತ್ತದೆ, ಹತ್ತಿರ ಬರುತ್ತದೆ, ಬಂದೇ ಬಿಟ್ಟಿತು ಅನ್ನುವಾಗ ಎಚ್ಚರವಾಗುತ್ತದೆ. ಬೆಳಗಿನ ಕಾಫಿ ಹಿಡಿದುಕೊಂಡು ಆ ಕನಸಿನ ಗಾಡಿ ಯಾವ ಮಾಡೆಲ್ಲು, ಯಾವ ಸಿಲಿಂಡರಿನಲ್ಲಿ ತೊಂದರೆಯಿತ್ತು ಅಂತ ನನಗೆ ವಿವರಿಸುವನು. ನಾನು ಹೂಂಗುಟ್ಟುವೆ. ಕನಸಿನ ಗಾಡಿಗೆ ರಿಪೇರಿ ಹೇಳುವವನ ಜೊತೆ ವಾದ ಮಾಡಿ ಏನು ಪ್ರಯೋಜನ!

ಅವನ ಸುತ್ತ ಇದ್ದವರಲ್ಲಿ ಇಬ್ಬರನ್ನು ಹೇಳಲೇಬೇಕು. ಒಬ್ಬ ಚಿಟ್ಟೆ. ಇವತ್ತು ಒಂದು ಕಡೆ ಕೊಂಡು ನಾಳೆ ಇನ್ನೊಂದು ಕಡೆ ಮಾರುವುದೇ ಅವನ ಕಸುಬು. ಯಾವ ಗಾಡಿಯ ಮೇಲೂ ಒಂದು ವಾರಕ್ಕಿಂತ ಹೆಚ್ಚು ಕೂತವನಲ್ಲ, ಆದ್ದರಿಂದ ಆ ಹೆಸರು. ಕೂದಲಿಗೂ ಬೂಟಿಗೂ ಒಂದೇ ಪಾಲಿಷು ಹಚ್ಚಿದಂತೆ ಮಿಂಚುವವನು. ಇನ್ನೊಬ್ಬರು ಟಿಂಕರ್ ಮಾವ, ತಗ್ಗುಬಿದ್ದ ತಗಡನ್ನು ಬಡಿದು ನೇರ ಮಾಡುವವರು. ಇವರಲ್ಲದೆ ಭಾನುವಾರ ಭಾನುವಾರ ನೆರೆಯುವ ಒಂದು ಗುಂಪಿತ್ತು. ಗಾಡಿಗಳ ಹೆಸರು, ಹುಟ್ಟಿದ ವರ್ಷ, ಸೋಲು ಗೆಲುವು ಎಲ್ಲ ಬಾಯಿಪಾಠ. ಕೊಳ್ಳುವ ಮಾತೆತ್ತಿದರೆ ಮಾತ್ರ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ಅವರನ್ನು ಚಿಟ್ಟೆ 'ಕಣ್ಣಲ್ಲೇ ನೆಕ್ಕೋ ಗಿರಾಕಿಗಳು' ಅಂತ ಹೀಯಾಳಿಸುತ್ತಿದ್ದ. ನನ್ನ ಮೈದುನ ಬಯ್ಯುವನು: "ಸುಮ್ಮನಿರೋ. ಅವರು ನೋಡಿದರೇನೇ ಗಾಡಿಗೆ ಹೊಳಪು ಬರೋದು. ನೀನು ಮುಟ್ಟಿದ್ದಕ್ಕೆ ಬರೀ ಎಣ್ಣೆ ಮೆತ್ತುತ್ತೆ."

ಆ ಗುಂಪಿನೊಳಗಿಂದಲೇ ಒಬ್ಬರು ನಿಜವಾಗಿ ಕೊಳ್ಳಲು ಹೊರಟರು. ಹಲ್ಲಿನ ಡಾಕ್ಟರಮ್ಮ. ನಡುವಯಸ್ಸು ದಾಟಿದವರು, ಸಣ್ಣ ದನಿ, ಕೈ ಮಾತ್ರ ಬಡಗಿಯ ಕೈಯ ಹಾಗೆ ಗಟ್ಟಿ. ಮೊದಲ ಸಲ ಬಂದಾಗ ಬಗ್ಗಿ ಸೈಲೆನ್ಸರಿನ ಕೊಳವೆಯೊಳಗೆ ಟಾರ್ಚು ಬಿಟ್ಟು, "ಬಾಯಿ ಚೆನ್ನಾಗಿದೆ" ಅಂದರು. ನನ್ನ ಮೈದುನ ಅವತ್ತಿನಿಂದ ಅವರಿಗೆ ಶರಣು. ಅವರಿಗೆ ಬೇಕಾಗಿದ್ದದ್ದು ಹಸಿರು ಬಣ್ಣದ, ಮಾಡು ತೆರೆದುಕೊಳ್ಳುವ ಒಂದು ಹಳೆಯ ಗಾಡಿ. ಬೆಟ್ಟದ ದಾರಿ ಹತ್ತಿಳಿದು ಆಚೆಯ ಊರಲ್ಲಿರುವ ಅಕ್ಕನ ಮನೆ ಮುಂದೆ ಅದನ್ನು ನಿಲ್ಲಿಸಬೇಕು ಅನ್ನುವುದು ಅವರ ಬಹುಕಾಲದ ಆಸೆ. "ಚಿಕ್ಕವಳಿದ್ದಾಗ ನನ್ನನ್ನ ಸೈಕಲ್ಲಿನ ಹಿಂದೆಯೂ ಕೂರಿಸ್ತಿರಲಿಲ್ಲ ನಮ್ಮಕ್ಕ, ಹೆದರಿಕೊಂಡು ಕಿರುಚ್ತೀಯ ಅಂತ. ಒಂದು ಸಲ ಅವಳನ್ನ ಪಕ್ಕದಲ್ಲಿ ಕೂರಿಸಿಕೊಂಡು ಆ ಬೆಟ್ಟ ಇಳೀಬೇಕು. ಯಾರು ಕಿರುಚ್ತಾರೆ ನೋಡೋಣ" ಅನ್ನುವರು. ಆ ಬೆಟ್ಟದ ದಾರಿಯನ್ನು ನಾನೂ ಬಸ್ಸಿನಲ್ಲಿ ಕಂಡವಳು. ಒಂದು ಬದಿ ಬಂಡೆ, ಇನ್ನೊಂದು ಬದಿ ಬರೀ ಆಕಾಶ. ಅಲ್ಲಿ ಗಾಡಿ ಕೈಕೊಟ್ಟರೆ ದೇವರೇ ಗತಿ.

ಚಿಟ್ಟೆ ಎಲ್ಲಿಂದಲೋ ಅಂಥದ್ದೇ ಹಸಿರು ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ಅಂದು ಬೆಚ್ಚಗಿತ್ತು. ನನ್ನ ಮೈದುನ ತನ್ನ ಪದ್ಧತಿಯಂತೆ ಮುಟ್ಟದೆ ಬಿಟ್ಟ. ಮಾರನೆಯ ಬೆಳಗ್ಗೆ ಚಿಟ್ಟೆಯೂ ಟಿಂಕರ್ ಮಾವನೂ ಪಕ್ಕದಲ್ಲಿ ನಿಂತಿರುವಾಗ ಕೀ ತಿರುಗಿಸಿ ಕಣ್ಣು ಮುಚ್ಚಿದ. ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ಗಲಗಲ ಅಂದ ಹಾಗಾಯಿತು, ಸಣ್ಣಗೆ, ಒಂದೇ ಗಳಿಗೆ. ಬೋರಲು ಹಾಕಿದ್ದ ಲೋಟಗಳು ನಡುಗಿದವೇನೋ ಅಂತ ಅವುಗಳನ್ನು ದೂರ ದೂರ ಇಟ್ಟೆ. ಕೆಳಗೆ ಅವನು ಕಣ್ಣು ತೆರೆದು, ಮುಖದ ತುಂಬ ನಗು ತಂದುಕೊಂಡು, "ಇರಲಿ ಇರಲಿ, ಕೇಳಿದೀನಿ. ಬೆಣ್ಣೆ ಕಣೋ ಇದು, ಬೆಣ್ಣೆ" ಅಂದ. ಕೇಳಿದೀನಿ ಅಂತ ಡಾಕ್ಟರಮ್ಮನಿಗೆ ಅವತ್ತೇ ಹೇಳಿಕಳಿಸಿದ.

ಆ ದಿನಗಳಲ್ಲಿ ಅವನ ಬಾಯಲ್ಲಿ ಇನ್ನೊಂದು ಮಾತು ಬರುತ್ತಿತ್ತು. ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತು, ಮುಂದಿನ ಮರವನ್ನು ನೋಡುತ್ತಾ, "ಹಕ್ಕಿಗಳೇ ಕಮ್ಮಿಯಾಗಿಬಿಟ್ಟವು ಅತ್ತಿಗೆ. ಎಲ್ಲಿ ಹೋದವೋ ಏನೋ" ಅನ್ನುವನು. ಮರದ ತುಂಬ ಪುಟ್ಟ ಪುಟ್ಟ ಹಕ್ಕಿಗಳು, ಕೂಗಿ ಕೂಗಿ ಎಲೆಯೇ ಉದುರಬೇಕು ಅನ್ನುವಷ್ಟು ಗದ್ದಲ. ಇವನು ಯಾವುದೋ ಗಾಡಿಯ ಕನಸಿನಲ್ಲಿದ್ದಾನೆ ಅಂದುಕೊಂಡು ನಾನು ಲೋಟ ತೆಗೆದುಕೊಂಡು ಒಳಗೆ ಬರುತ್ತಿದ್ದೆ.

ಡಾಕ್ಟರಮ್ಮ ಗಾಡಿ ಒಯ್ಯಲು ಬಂದ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅವರು ತಲೆಗೆ ಹಳದಿ ಬಟ್ಟೆ ಕಟ್ಟಿಕೊಂಡಿದ್ದರು, ಕೈಯಲ್ಲಿ ಚೀಲ, ಅಕ್ಕನಿಗೆ ಒಂದು ಹೂವಿನ ಕುಂಡ. ಅಂಗಳದಿಂದ ನೇರ ಬೆಟ್ಟದ ದಾರಿಗೆ. ನಾನೂ ಕೈ ಒರೆಸಿಕೊಂಡು ಕೆಳಗಿಳಿದು ಹೋದೆ. ಚಿಟ್ಟೆ ಇದ್ದ, ಟಿಂಕರ್ ಮಾವ ಇದ್ದರು. ಡಾಕ್ಟರಮ್ಮ ಉಂಗುರ ತೆಗೆದು ಬಾನೆಟ್ ಮುಟ್ಟಿ, "ಕಲ್ಲಿನ ಹಾಗಿದೆ" ಅಂದರು. ನನ್ನ ಮೈದುನ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿ, ಎಂದಿನಂತೆ ಕಣ್ಣು ಮುಚ್ಚಿದ.

ಗಲಗಲ. ಈ ಸಲ ಲೋಟಗಳು ಹತ್ತಿರವಿರಲಿಲ್ಲ. ತೆಳುವಾದ ಸರಪಳಿಯನ್ನು ಡಬ್ಬಿಯೊಳಗೆ ಹಾಕಿ ಅಲ್ಲಾಡಿಸಿದ ಹಾಗೆ ಒಂದು ಗಳಿಗೆ, ಆಮೇಲೆ ಎಣ್ಣೆ ಏರಿ ಎಂಜಿನ್ ಮೆತ್ತಗೆ ಗುರುಗುಟ್ಟತೊಡಗಿತು. ಅವನ ಮುಖದಲ್ಲಿ ಆ ನಗು ಇನ್ನೂ ಇತ್ತು. ಕಣ್ಣು ತೆರೆದ. ಮೊದಲು ಚಿಟ್ಟೆಯನ್ನು ನೋಡಿದ. ಚಿಟ್ಟೆ ತನ್ನ ಬೂಟು ನೋಡುತ್ತಿದ್ದ. ಟಿಂಕರ್ ಮಾವನನ್ನು ನೋಡಿದ. ಅವರಿಗೆ ತಗಡಿನ ಮಾಡಿನಲ್ಲಿ ಏನೋ ಕೆಲಸ ಕಂಡಿತ್ತು. ನನ್ನನ್ನು ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ. ನಗು ಅವನ ಮುಖದಲ್ಲಿ ಸ್ವಲ್ಪ ಹೊತ್ತು ಎಲ್ಲಿಗೆ ಹೋಗಬೇಕೋ ತಿಳಿಯದೆ ನಿಂತಿತ್ತು.

ಡಾಕ್ಟರಮ್ಮ ಆಗಲೇ ಒಳಗೆ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು. ಅವರಿಗೆ ಏನೂ ಅನುಮಾನವಿರಲಿಲ್ಲ. ಅವನು ಕೈ ಬೀಸಿದ್ದರೆ ಸಾಕಿತ್ತು, ಗಾಡಿ ಹೋಗುತ್ತಿತ್ತು; ಬೆಟ್ಟವನ್ನು ದಾಟಿಯೇ ಬಿಡುತ್ತಿತ್ತೋ ಏನೋ, ಯಾರಿಗೆ ಗೊತ್ತು. ಅವನು ಓರೆಯಾಗಿ ನಡೆದು ಬಂದು, ಕಿಟಕಿಯೊಳಗೆ ಕೈ ಹಾಕಿ, ಕೀ ತಿರುಗಿಸಿ ಎಂಜಿನ್ ಆರಿಸಿದ.

"ಏನು ಕೇಳಿಸ್ತು?" ಅಂದ, ಚಿಟ್ಟೆಯ ಕಡೆ ತಿರುಗಿ.

"ಏನಿಲ್ಲ ಅಣ್ಣ."

"ನನ್ನ ಮುಖ ನೋಡಿ ಹೇಳೋ."

"ಒಳಗಿನ ಚೈನು ಅಣ್ಣ. ಸಡಿಲ ಆಗಿದೆ. ಶುರುವಿನಲ್ಲಿ ಬಡಿಯುತ್ತೆ."

"ಅವತ್ತೂ ಬಡೀತಾ?"

"ಅವತ್ತೂ ಬಡೀತು. ನೀವು ಹಿಡೀತೀರ, ಬೆಲೆ ಇಳಿಸ್ತೀರ ಅಂತ ನಾನು ರೆಡಿಯಾಗೇ ಬಂದಿದ್ದೆ. ನೀವು ನೋಡಿದರೆ ಬೆಣ್ಣೆ ಅಂದ್ರಿ! ನನ್ನ ಕಿವೀನೇ ಕೆಟ್ಟಿದೆ ಅಂದ್ಕೊಂಡು ಕಿವಿ ಡಾಕ್ಟರ ಹತ್ರ ಹೋಗಿಬಂದೆ ಅಣ್ಣ, ನಿಮ್ಮಾಣೆ."

"ಏನಂದರು?"

"ಮೇಣ ತುಂಬಿದೆ ಅಂತ ತೆಗೆದು ಕಳಿಸಿದರು. ಆಮೇಲೆ ಇನ್ನೂ ಜೋರಾಗಿ ಕೇಳಿಸ್ತು."

"ಆಗಲಾದರೂ ಬಂದು ಹೇಳಬಾರದಾಗಿತ್ತೇನೋ?"

"ನೀವು ಕೇಳಿದೀನಿ ಅಂದ ಮೇಲೆ ನಾನು ಹೇಳೋದಾ?"

ಟಿಂಕರ್ ಮಾವ ಮಾಡಿನಿಂದ ಕಣ್ಣಿಳಿಸದೆಯೇ, "ನನಗೂ ಹಾಗೇ ಆಯ್ತಪ್ಪ. ಬಡಿದೂ ಬಡಿದೂ ನನ್ನ ಕಿವಿಯಲ್ಲೇ ತಗಡು ಕೂತಿರಬೇಕು ಅಂದ್ಕೊಂಡೆ" ಅಂದರು. ನಾನು ಲೋಟಗಳ ವಿಷಯ ಹೇಳಿದೆ. ನಗು ಬರುವಂಥ ಮಾತೇ. ಯಾರೂ ನಗಲಿಲ್ಲ. ಒಂದು ಪೇಟೆಗೆ ಪೇಟೆಯೇ ಒಬ್ಬನ ಕಿವಿಯನ್ನು ನಂಬಿ, ತನ್ನ ತಲೆಯ ಎರಡು ಬದಿಗೆ ಅಂಟಿಕೊಂಡಿರುವುದನ್ನು ಸುಳ್ಳು ಮಾಡಿಕೊಂಡು ಕೂತಿತ್ತು. ಎಲ್ಲರಿಗೂ ಕೇಳಿಸಿತ್ತು, ಕೇಳಿಸದವನು ಒಬ್ಬನೇ.

ಅವನು ಡಾಕ್ಟರಮ್ಮನ ಪಕ್ಕದ ಬಾಗಿಲು ತೆರೆದು ಒಳಗೆ ಕೂತ. ಹೂವಿನ ಕುಂಡವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಡಾಕ್ಟರಮ್ಮ, ಈ ಗಾಡಿ ಇವತ್ತು ಬೆಟ್ಟ ಹತ್ತೋ ಹಾಗಿಲ್ಲ. ಚೈನು ಹರಿದರೆ ಎಂಜಿನ್ನು ಅಲ್ಲೇ ನಿಂತುಬಿಡುತ್ತೆ. ನಾನು ಕೇಳಿದೀನಿ ಅಂತ ನಿಮಗೆ ಹೇಳಿದ್ದೆ. ನನಗೆ ಕೇಳಿಸಿರಲಿಲ್ಲ. ಕೇಳಿಸ್ತಿಲ್ಲ ಅನ್ನೋದೂ ಈಗಲೇ ಗೊತ್ತಾಗಿದ್ದು."

ಅವರು ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು, ಎದುರಿನ ಗೇಟನ್ನು ಬೆಟ್ಟದ ದಾರಿಯೇನೋ ಎಂಬಂತೆ ನೋಡುತ್ತಿದ್ದರು. ಮರದ ಹಕ್ಕಿಗಳು ಕೂಗುತ್ತಲೇ ಇದ್ದವು. ಆಮೇಲೆ ಅವನೇ ಕೇಳಿದ: "ನಿಮಗೆ ಏನು ಕೇಳಿಸ್ತು? ಹೇಗಿತ್ತು?"

"ನಿದ್ದೆಯಲ್ಲಿ ಹಲ್ಲು ಕಡಿಯೋರು ಇರ್ತಾರಲ್ಲ, ಹಾಗಿತ್ತು. ಹಳೇ ಗಾಡಿ, ಏನೋ ಕನಸು ಬಿದ್ದಿರಬೇಕು ಅಂದ್ಕೊಂಡೆ. ನನಗೆ ಪ್ರೀತಿಯೇ ಬಂತು."

ಅವನು ಆ ಮಾತನ್ನು ಬಾಯಲ್ಲಿಟ್ಟು ಚಪ್ಪರಿಸುವವನಂತೆ ತಿರುಗಿಸಿ ತಿರುಗಿಸಿ ಹೇಳಿಕೊಂಡ. "ಹಲ್ಲು ಕಡಿಯೋ ಹಾಗೆ. ಹಾಂ. ಹಾಗೇ ಇರುತ್ತೆ. ಸರಿಯಾಗಿ ಹೇಳಿದ್ರಿ. ನಾನು ಇಷ್ಟು ವರ್ಷ ಕೇಳಿದೆ, ಹೀಗೆ ಹೇಳಕ್ಕೆ ಬಂದಿರಲಿಲ್ಲ."

ಡಾಕ್ಟರಮ್ಮ ಅವತ್ತು ಬಸ್ಸಿನಲ್ಲಿ ಹೋದರು, ಹೂವಿನ ಕುಂಡವನ್ನು ಎದೆಗವಚಿಕೊಂಡು. ಹೋಗುವಾಗ ಕೋಪ ಮಾಡಿಕೊಂಡರೋ ಇಲ್ಲವೋ ನನಗೆ ತಿಳಿಯಲಿಲ್ಲ. ತಲೆಯ ಹಳದಿ ಬಟ್ಟೆಯನ್ನು ಮಾತ್ರ ಬಿಚ್ಚಿ ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಅಂದು ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ. ಹೋಗಿ ನೋಡಿದರೆ ಅಂಗಳದ ಮೂಲೆಯಲ್ಲಿ ಚಿಟ್ಟೆಯೂ ಅವನೂ ಕೂತಿದ್ದರು. ಚಿಟ್ಟೆ ಗೋಗರೆಯುತ್ತಿದ್ದ: "ಯಾರಿಗೂ ಹೇಳಬೇಡಿ ಅಣ್ಣ. ನಾನು ಪಕ್ಕದಲ್ಲಿ ನಿಂತಿರ್ತೀನಿ. ಚೆನ್ನಾಗಿದ್ದರೆ ಕೆಮ್ಮಲ್ಲ, ಇಲ್ಲದಿದ್ದರೆ ಕೆಮ್ತೀನಿ. ನೀವು ಕಣ್ಣು ಮುಚ್ಚಿಕೊಂಡು ನಿಂತರೆ ಸಾಕು. ಪೇಟೆ ನಡೆಯೋದೇ ನಿಮ್ಮ ಮಾತಿನ ಮೇಲೆ."

"ನಿನ್ನ ಕೆಮ್ಮಿಗೆ ನಾನು ತಲೆಯಾಡಿಸೋದಾ?"

"ಯಾರಿಗೆ ಗೊತ್ತಾಗುತ್ತೆ?"

"ನಿನಗೆ ಶೀತ ಆದ ದಿನ ಪೇಟೆಯ ಗಾಡಿಯೆಲ್ಲ ಗುಜರಿಗೆ ಹೋಗಬೇಕೇನೋ?" ಅಂದ ಅವನು. ಚಿಟ್ಟೆಗೆ ನಗು ತಡೆಯಲಾಗಲಿಲ್ಲ, ಅಳುವೂ ಬಂತು. ಆ ಪಾಲಿಷು ಮುಖದಲ್ಲಿ ಎರಡೂ ಸೇರಿ ಒಂದು ವಿಚಿತ್ರ ಬೆಳಕಾಯಿತು.

ಭಾನುವಾರ ಬಂತು. ಮಂಜು ಇನ್ನೂ ಕರಗಿರಲಿಲ್ಲ. ನೋಡುವವರ ಗುಂಪು, ಕೊಳ್ಳಲು ಬಂದ ಹೊರ ಊರಿನವರು, ಅಕ್ಕಪಕ್ಕದ ಅಂಗಳದವರು, ಎಲ್ಲ ಸೇರಿದ್ದರು. ಒಂದು ಬಿಳಿಯ ಗಾಡಿಯ ಹೊದಿಕೆ ತೆಗೆದ. ಅಂಗೈ ಇಟ್ಟ. ಕೀ ತಿರುಗಿಸಿದ. ಕಣ್ಣು ಮಾತ್ರ ಮುಚ್ಚಲಿಲ್ಲ. ಎಂಜಿನ್ ಆರಿಸಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಅವರು ಆ ಒಂದು ಮಾತಿಗಾಗಿ ಕಾಯುತ್ತಿದ್ದರು.

"ನನಗೆ ಸಣ್ಣ ಸದ್ದು ಕೇಳಿಸ್ತಿಲ್ಲ. ದಪ್ಪ ಸದ್ದು ಕೇಳುತ್ತೆ, ಮಾತು ಕೇಳುತ್ತೆ, ಸಣ್ಣದು ಹೋಗಿದೆ. ಇನ್ನು ಮೇಲೆ ಕೇಳಿದೀನಿ ಅಂತ ನಾನು ಹೇಳಲ್ಲ. ನಿಮಗೆ ಏನು ಕೇಳಿಸ್ತು, ನೀವು ಹೇಳಿ."

ಯಾರೋ ಒಬ್ಬರು ತಮಾಷೆಯೆಂದುಕೊಂಡು ನಕ್ಕು, ಆಮೇಲೆ ಸುಮ್ಮನಾದರು. ಮಂಜಿನಲ್ಲಿ ಅಷ್ಟೂ ಜನ ನಿಂತಿದ್ದರು, ಸ್ಕೂಲಿನಲ್ಲಿ ಪ್ರಶ್ನೆ ಕೇಳಿಸಿಕೊಂಡ ಮಕ್ಕಳ ಹಾಗೆ. ಇಷ್ಟು ವರ್ಷ ಇಲ್ಲಿಗೆ ಬಂದವರು ಎಂಜಿನ್ನನ್ನು ಕೇಳಿಯೇ ಇರಲಿಲ್ಲ. ಕೀ ತಿರುಗಿದಾಗಲೆಲ್ಲ ಅವನ ಮುಖವನ್ನು ನೋಡುತ್ತ ನಿಂತಿದ್ದರು. ಕೊನೆಗೆ ಟಿಂಕರ್ ಮಾವ ಗಂಟಲು ಸರಿಮಾಡಿಕೊಂಡು, "ಎಡಗಡೆ ಏನೋ ಚಿಟಚಿಟ ಅಂದ ಹಾಗಾಯ್ತು" ಅಂದರು. "ಎಡಗಡೆ ಅಲ್ಲ ಮಾವ, ಹಿಂದೆ" ಅಂದ ಚಿಟ್ಟೆ. "ಹಿಂದಿಂದು ನಿನ್ನ ಬೂಟು ಕಣಯ್ಯ!" ಅಂದರು ಇನ್ನೊಬ್ಬರು. ಆಮೇಲೆ ಗಲಾಟೆಯೋ ಗಲಾಟೆ. ಒಬ್ಬರಿಗೆ ನೀರು ಕುದಿದಂತೆ, ಒಬ್ಬರಿಗೆ ಹೊಲಿಗೆ ಯಂತ್ರದಂತೆ, ಒಬ್ಬರಿಗೆ ಏನೂ ಇಲ್ಲ. ನನ್ನ ಮೈದುನ ಜಗಳ ಬಿಡಿಸಲಿಲ್ಲ. "ನಾಳೆ ತಣ್ಣಗಾದ ಮೇಲೆ ಮತ್ತೆ ಬನ್ನಿ. ಮಾತಾಡದೆ ಕೇಳೋಣ" ಅಂದ.

ನಷ್ಟವಾಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ದೂರದಿಂದ ಬರುವವರು ಅನೇಕರು ಬೀದಿಯ ಆಚೆ ತುದಿಯ ಅಂಗಳಕ್ಕೆ ಹೋದರು. ಅಲ್ಲಿ ಗಾಡಿ ಯಾವಾಗಲೂ ಬೆಚ್ಚಗಿರುತ್ತದೆ, ಒಬ್ಬರು ಎದೆ ತಟ್ಟಿ ಭರವಸೆ ಕೊಡುತ್ತಾರೆ. ಜನಕ್ಕೆ ಬೇಕಾದದ್ದು ಹೆಚ್ಚಾಗಿ ಅದೇ. ಕಿವಿಯಣ್ಣ ಎಂಬ ಹೆಸರೂ ಮೆಲ್ಲಮೆಲ್ಲನೆ ಸವೆಯಿತು. ಹೊಸಬರಿಗೆ ಆ ಹೆಸರಿನ ಕಾರಣ ಗೊತ್ತಿಲ್ಲ, ಅವನ ಕಿವಿ ದೊಡ್ಡದಿರಬೇಕು ಅಂದುಕೊಳ್ಳುತ್ತಾರೆ. ಕಿವಿಗೆ ಹಾಕುವ ಯಂತ್ರ ತಂದುಕೊಂಡ. ನನ್ನ ಜೊತೆ ಮಾತಾಡುವಾಗ ಹಾಕಿಕೊಳ್ಳುವನು, ಅಂಗಳಕ್ಕಿಳಿಯುವಾಗ ತೆಗೆದಿಡುವನು. ಕೇಳಿದರೆ, "ಇದು ಎಲ್ಲ ಸದ್ದಿಗೂ ಒಂದೇ ಬೆಲೆ ಕಟ್ಟುತ್ತೆ ಅತ್ತಿಗೆ. ವ್ಯಾಪಾರ ಗೊತ್ತಿಲ್ಲ ಇದಕ್ಕೆ" ಅಂದ. ಅದನ್ನು ಹಾಕಿಕೊಂಡ ಮೊದಲ ಬೆಳಗ್ಗೆ ಮೆಟ್ಟಿಲ ಮೇಲೆ ಕೂತವನು ಮರದ ಕಡೆ ತಲೆಯೆತ್ತಿ, ಬಹಳ ಹೊತ್ತು ಕಾಫಿ ಮುಟ್ಟಲೇ ಇಲ್ಲ.

ಭಾನುವಾರದ ಬೆಳಗು ಮಾತ್ರ ಬೇರೆಯಾಯಿತು. ಈಗ ಕಿಟಕಿಯಿಂದ ನೋಡಿದರೆ ಅಂಗಳದ ನಡುವೆ ಒಂದು ಗಾಡಿ, ಸುತ್ತ ಇಪ್ಪತ್ತು ಮೂವತ್ತು ಜನ, ಎಲ್ಲರೂ ಕಣ್ಣು ಮುಚ್ಚಿ, ತಲೆ ಒಂದು ಬದಿಗೆ ವಾಲಿಸಿ ನಿಂತಿರುತ್ತಾರೆ. ಆ ಮೌನದಲ್ಲಿ ಕೀ ತಿರುಗುತ್ತದೆ. ಕಣ್ಣು ತೆರೆದಿರುವವನು ನನ್ನ ಮೈದುನ ಒಬ್ಬನೇ. ಅವನು ಗಾಡಿಯ ಕಡೆ ನೋಡುವುದೂ ಇಲ್ಲ, ಆ ಮುಚ್ಚಿದ ಕಣ್ಣುಗಳ ಮುಖಗಳನ್ನು ನೋಡುತ್ತಾನೆ. ಯಾರ ಹುಬ್ಬು ಎಲ್ಲಿ ಗಂಟಾಯಿತು, ಯಾರ ತುಟಿ ಯಾವ ಗಳಿಗೆಯಲ್ಲಿ ಬಿಗಿಯಿತು ಅಂತ. ಆ ಬೆಳಕಿನಲ್ಲಿ ಅವರೆಲ್ಲ ಒಂದೇ ಕನಸನ್ನು ಕಾಣುತ್ತಿರುವಂತೆ, ಆ ಕನಸಿಗೆ ಅವನು ಕಾವಲು ನಿಂತಿರುವಂತೆ ನನಗೆ ತೋರುತ್ತದೆ.

ಹೊಸ ಚೈನು ಹಾಕಿದ ಮೇಲೆ ಡಾಕ್ಟರಮ್ಮ ಬಂದರು. ಕೂಡಲೇ ಬರಲಿಲ್ಲ, ಎರಡು ಸಲ ಹೇಳಿಕಳಿಸಿದ ಮೇಲೆ ಬಂದರು. ಕೀ ತಿರುಗಿಸಿದವರು ಅವರೇ. ಕಣ್ಣು ಮುಚ್ಚಿ ಕೇಳಿದರು, ಆರಿಸಿದರು, ಗಾಡಿ ತಣ್ಣಗಾಗಲೆಂದು ಬಿಟ್ಟು, ಮರುದಿನ ಬಂದು ಮತ್ತೊಮ್ಮೆ ಕೇಳಿದರು. ಅವನು ಅವರ ಮುಖವನ್ನೇ ನೋಡುತ್ತಿದ್ದ.

"ಹೇಗಿದೆ?"

"ಗಾಢ ನಿದ್ದೆ ಮಾಡಿ ಎದ್ದೋರ ಹಾಗಿದೆ."

"ನೀವು ಕೇಳಿದೀರಲ್ಲ?"

"ಕೇಳಿದೀನಿ" ಅಂದರು ಡಾಕ್ಟರಮ್ಮ. ಅಂಗಳದಲ್ಲಿ ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವನು "ಇರಲಿ ಇರಲಿ" ಅಂದ, ಉಳಿದದ್ದನ್ನು ನುಂಗಿಕೊಂಡ. ಹಸಿರು ಗಾಡಿ ಬೀದಿಗಿಳಿದು, ಬೆಳಕಿನಲ್ಲಿ ಸಣ್ಣದಾಗುತ್ತ ಹೋಯಿತು. ಅದರ ಸದ್ದು ನನ್ನ ಕಿವಿಗೆ ತಿರುವಿನಾಚೆಯಿಂದಲೂ ಬರುತ್ತಿತ್ತು. ಅವನಿಗೆ ಮಾತ್ರ ಅದು ಕಣ್ಣಿಗೆ ಕಾಣುತ್ತಿರುವಾಗಲೇ ಮೌನವಾಗಿಹೋಗಿರಬೇಕು. ನೀರಿನ ಮೇಲೆ ತೇಲಿಹೋಗುವ ಎಲೆಯನ್ನು ನೋಡುವವನಂತೆ ನೋಡುತ್ತಿದ್ದ. "ಈಗ ಎಲ್ಲಿದೆ ಅತ್ತಿಗೆ?" ಅಂದ. "ಸೇತುವೆ ಹತ್ರ" ಅಂದೆ. "ಈಗ?" "ಏರು ಹತ್ತುತ್ತಾ ಇದೆ, ಗೇರು ಬದಲಾಯಿಸಿದರು." ಅವನು ತಲೆಯಾಡಿಸಿದ.

ಇಂಥವರು ಎಲ್ಲ ಪೇಟೆಯಲ್ಲೂ ಒಬ್ಬೊಬ್ಬರು ಇರುತ್ತಾರೆ. ಬೆರಳಲ್ಲಿ ಬಟ್ಟೆಯ ನೂಲು ತಿಳಿಯುವವರು, ಮೂಗಿನಲ್ಲಿ ಎಣ್ಣೆಯ ವಯಸ್ಸು ಹೇಳುವವರು, ನೋಟದಲ್ಲೇ ಮರದೊಳಗಿನ ಹುಳ ಕಾಣುವವರು. ಸುತ್ತಲಿನವರೆಲ್ಲ ತಮ್ಮ ಬೆರಳು, ಮೂಗು, ಕಣ್ಣುಗಳನ್ನು ಅವರ ಹತ್ತಿರ ಒತ್ತೆಯಿಟ್ಟು ಹಗುರಾಗಿ ಮನೆಗೆ ಹೋಗುತ್ತಾರೆ. ಅಷ್ಟು ಜನರ ನಂಬಿಕೆ ಹೊತ್ತವರಿಗೆ ತಮ್ಮ ಶಕ್ತಿ ಕುಂದಿದ್ದು ತಿಳಿಯುವುದೂ ಕಷ್ಟ, ತಿಳಿದ ಮೇಲೆ ಹೇಳುವುದು ಇನ್ನೂ ಕಷ್ಟ. ಹೆಚ್ಚಿನವರು ಹಳೆಯ ಮಾತನ್ನೇ ಆಡುತ್ತ ಆಡುತ್ತ ಮುಗಿದುಹೋಗುತ್ತ, ತಮ್ಮ ಜೊತೆಗೆ ಇತರರ ಇಂದ್ರಿಯಗಳನ್ನೂ ಒಯ್ದುಬಿಡುತ್ತಾರೆ. ಎಲ್ಲೋ ಕೆಲವರು ಮಾತ್ರ ಹಗಲು ಹೊತ್ತಿನಲ್ಲಿ, ಎಲ್ಲರ ಎದುರಿಗೆ, ಅವರವರದನ್ನು ಅವರವರಿಗೆ ಹಿಂದಕ್ಕೆ ಕೊಟ್ಟು, ಖಾಲಿ ಕೈಯಲ್ಲಿ ನಿಲ್ಲುತ್ತಾರೆ. ಅವರಿಗೆ ಪೇಟೆ ಏನೂ ಕೊಡುವುದಿಲ್ಲ. ಆದರೆ ಅಂಥವರಿದ್ದ ಬೀದಿಯಲ್ಲಿ ಜನ ನಡೆಯುವಾಗ ಸ್ವಲ್ಪ ತಲೆ ವಾಲಿಸಿ ನಡೆಯುತ್ತಾರೆ.

ಗಾಡಿ ಊರು ದಾಟಿತು ಅಂತ ನಾನು ಹೇಳಿದ ಮೇಲೆ ಅವನು ಅಂಗಳಕ್ಕೆ ಹಿಂತಿರುಗಿದ. ಹಸಿರು ಗಾಡಿ ನಿಂತಿದ್ದ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕಿ ಕಪ್ಪಗೆ ಕಲೆಯಾಗಿತ್ತು. ಮೂಲೆಯ ಚೀಲದಿಂದ ಎರಡು ಬೊಗಸೆ ಮರದ ಹೊಟ್ಟು ತಂದು ಅದರ ಮೇಲೆ ಉದುರಿಸಿ, ಹೊಟ್ಟು ಎಣ್ಣೆ ಹೀರುವವರೆಗೆ ಸುಮ್ಮನೆ ನಿಂತಿದ್ದು, ಪೊರಕೆ ತೆಗೆದುಕೊಂಡು ಗೇಟಿನ ಕಡೆಗೆ ಗುಡಿಸತೊಡಗಿದ.